ಬಾಯಿ ಬಿಡದ ಗುರು

ಆ ಕುಂಗ್‌ಫೂ ಸಿನಿಮಾಗಳ ಹೆಸರೆತ್ತಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಬಾಲಾನಗರದ ಶೆಡ್ಡಿಗೆ ಫಿಟ್ಟರ್ ಆಗಿ ಸೇರಿದ ಹೊಸದರಲ್ಲಿ ಭಾನುವಾರ ಬಂತೆಂದರೆ ತೆಲುಗಿಗೆ ಡಬ್ ಆದ ಅವನ್ನೇ ನೋಡುತ್ತಿದ್ದೆ. ಬಿಳಿ ಗಡ್ಡದ ಗುರು ಶಿಷ್ಯನಿಂದ ವರ್ಷಗಟ್ಟಲೆ ನೀರು ಹೊರಿಸುತ್ತಾನೆ, ಯಾಕೆಂದು ಮಾತ್ರ ಬಾಯಿ ಬಿಡುವುದಿಲ್ಲ. ಕೊನೆಗೆ ಶಿಷ್ಯ ಹತ್ತು ಜನರನ್ನು ಹೊಡೆದು ಕೆಡವುತ್ತಾನೆ. ಕಲಿಸುವುದೆಂದರೆ ಹೀಗೆ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಹೋದ ವರ್ಷ ಅಕ್ಕನ ಮಗಳು ಐಟಿಐ ಮುಗಿಸಿ ಬೀದರಿನಿಂದ ನನ್ನ ಹತ್ತಿರ ಕಲಿಯಲು ಬಂದಳು. ಮೂರು ತಿಂಗಳಿಗೆ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಕೆಲಸದ ಪರೀಕ್ಷೆ ಇತ್ತು. ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ ನಾಲ್ಕೂ ಮಗ್ಗಲು ಸಪಾಟು ಮಾಡಿ ತೋರಿಸಬೇಕು. ಪಾಸಾದರೆ ಸರಿ, ಇಲ್ಲವಾದರೆ ಊರಿಗೆ ಬಂದು ತೋರಿಸಿದ ಗಂಡನ್ನು ಮದುವೆಯಾಗಬೇಕೆಂದು ಭಾವ ಕರಾರು ಹಾಕಿದ್ದರು.

ತುಂಡನ್ನು ಬಿಗಿಹಿಡಿಯುವ ವೈಸ್ ಉಜ್ಜುವವರ ಮೊಣಕೈ ಮಟ್ಟಕ್ಕಿರಬೇಕು. ನಮ್ಮ ಶೆಡ್ಡಿನದು ಗಂಡಸರ ಅಳತೆಗೆ ಕೂರಿಸಿದ್ದು, ಅವಳಿಗೆ ಎದೆಮಟ್ಟ ಬರುತ್ತಿತ್ತು. ಅರ ತೂಗಾಡಿ, ಅಂಚು ಸವೆದು, ತುಂಡಿನ ನಡು ಉಬ್ಬುತ್ತಿತ್ತು. ಮೊದಲ ದಿನವೇ ನೋಡಿದೆ. ಹೇಳಲಿಲ್ಲ.

"ಮಾಮಾ, ಎಲ್ಲಿ ತಪ್ಪಾಕತ್ತೈತ್ರಿ?" ಎಂದು ಕೇಳಿದಳು.

"ಮತ್ತ ಉಜ್ಜು. ತಾನ ತಿಳೀತೈತಿ."

ತಾನೇ ತಿಳಿಯುತ್ತದಂತೆ! ಅವಳ ಅಂಗೈಯಲ್ಲಿ ಬೊಕ್ಕೆ ಎದ್ದು ಒಡೆದವು, ರಟ್ಟೆ ಬಾತಿತು. ನಾನು ಕೈಕಟ್ಟಿ ನಿಂತು ಗಂಭೀರವಾಗಿ ತಲೆಯಾಡಿಸುತ್ತಿದ್ದೆ, ಗಡ್ಡವೊಂದು ಕಡಿಮೆ. ಹುಡುಗಿ ಕಷ್ಟಪಡುತ್ತಿದ್ದಾಳೆ, ಪಳಗುತ್ತಾಳೆ ಎಂದು ಹೆಂಡತಿಯ ಮುಂದೆ ಕೊಚ್ಚಿಕೊಂಡಿದ್ದೂ ಉಂಟು. ತಪ್ಪಾಗಿಯೇ ಮೂರು ತಿಂಗಳು ಉಜ್ಜಿದರೆ ಕೈಗೆ ಹತ್ತುವುದು ಆ ತಪ್ಪೇ ಎಂದು ಯಾವ ಸಿನಿಮಾದವನೂ ಹೇಳಿರಲಿಲ್ಲ. ಫಿಟ್ಟರ್ ಆದ ನನಗೆ ಅದನ್ನು ಸಿನಿಮಾದವನು ಹೇಳಬೇಕಿತ್ತೇ?

ಪರೀಕ್ಷೆಯ ಸಂಜೆ ಬಸ್ಸಿಳಿದು ನೇರ ಶೆಡ್ಡಿಗೇ ಬಂದಳು.

"ಮೂರು ಮಗ್ಗಲು ಉಬ್ಬಿದ್ವು ಮಾಮಾ. ಆಮ್ಯಾಲೆ ಅಲ್ಲೀ ಸರ್ ನೋಡಿ, ನನ್ನ ಕಾಲ ಕೆಳಗ ಒಂದು ಹಲಗಿ ಇಡಿಸಿದ್ರು. ನಾಲ್ಕನೇದು ಭಾಳ ಸಪಾಟ್ ಬಂತ್ರಿ. ಅಷ್ಟರಾಗ ಟೈಮ್ ಮುಗೀತು."

"ಫೇಲಾ?"

"ಹೂಂರಿ. ಅಪ್ಪ ನಾಳೆ ಕರಕೊಂಡು ಹೋಗಾಕ ಬರ್ತಾನ." ವೈಸಿನ ಮುಂದೆ ನಿಂತು ಅದರ ಎತ್ತರಕ್ಕೆ ಮೊಣಕೈ ಹಿಡಿದು ನೋಡಿದಳು. "ನಿಮಗ ಇದು ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವಾ."

"ನಾ ದಿನಾ ಕೇಳತಿದ್ನಲ್ರಿ, ಮಾಮಾ," ಎಂದಳು.