ಅವಳು ಹಚ್ಚಿಟ್ಟು ಹೋದ ಟಾಸ್ಕ್

ಶಿಗ್ಗಾವಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ ನಾವಿಬ್ಬರೇ ಕೆಲಸ ಮಾಡುತ್ತಿದ್ದೆವು. ನಾನು ಹಿರೇಬೆಂಡಿಗೇರಿಯಿಂದ ಬರುತ್ತಿದ್ದೆ, ಅವಳು ಸವಣೂರಿನಿಂದ. ಲ್ಯಾಬುಗಳ ರಕ್ತಪರೀಕ್ಷೆಯ ವರದಿಯನ್ನು ಜನರ ಮೊಬೈಲಿಗೆ ಕಳಿಸುವ ಒಂದು ಸಣ್ಣ ಕಂಪನಿ ನಮ್ಮದು. ಅದರ ಪ್ರೋಗ್ರಾಮುಗಳು ದೂರದ ಸರ್ವರುಗಳಲ್ಲಿ, ಒಂದೊಂದೂ ಕಂಟೇನರ್ ಎಂಬ ತನ್ನದೇ ಪ್ರತ್ಯೇಕ ಆವರಣದೊಳಗೆ ಓಡುತ್ತಿದ್ದವು. ಆ ಸರ್ವರುಗಳ ಗುಂಪಿಗೆ ಕ್ಲಸ್ಟರ್ ಅನ್ನುತ್ತಾರೆ, ಓಡುವ ಒಂದೊಂದು ಕೆಲಸಕ್ಕೆ ಟಾಸ್ಕ್. ಎಲ್ಲವೂ ಓಡುತ್ತಿವೆಯೇ ಎಂದು ನೋಡಿಕೊಳ್ಳುವುದು, ನಿಂತದ್ದನ್ನು ಮತ್ತೆ ಹಚ್ಚುವುದು ನಮ್ಮ ಪಾಲಿಗಿತ್ತು.

ನಾನು ಸೇರಿದಾಗ, ಆಜ್ಞೆಗಳನ್ನು ಟೈಪ್ ಮಾಡುವ ಕಪ್ಪು ಪರದೆ ನೋಡಿಯೇ ಹೆದರಿದ್ದೆ. ಮೌಸಿಗೆ ಕೈ ಹಾಕಿದರೆ ಅವಳು ಕೈಮೇಲೆ ಮೆಲ್ಲಗೆ ಹೊಡೆಯುತ್ತಿದ್ದಳು.

"ಅದನ್ನ ಬಿಡು. ಟೈಪ್ ಮಾಡಿ ಕೇಳು. ಯಾರ್ಯಾರು ಓಡಾಕತ್ತೀರಿ ಅಂತ ಕೇಳಿದ್ರ ತಾವ ಹೇಳ್ತಾವು."

ಒಂದು ಸಾಲು ಬರೆದು ಎಂಟರ್ ಒತ್ತಿದೆ. ಅಕ್ಷರ, ಅಂಕಿ ಬೆರೆತ ಉದ್ದುದ್ದ ಗುರುತುಗಳ ಪಟ್ಟಿ ಬಂತು.

"ಇದರಾಗ ಯಾವ್ದು ಏನಂತ ಹೆಂಗ ತಿಳಿಬೇಕು?"

"ಪಟ್ಟಿ ಅಷ್ಟ ಹೇಳೂದು. ಯಾರು ಹಚ್ಚಿದ್ದು, ಯಾವಾಗಿಂದ ನಡದೈತಿ ಅಂತ ಇನ್ನೊಮ್ಮೆ ಕೇಳ್ಬೇಕು. ಬ್ಯಾಸರ ಮಾಡ್ಕೋಬ್ಯಾಡ, ಕೇಳು."

ನನಗೆ ಕಲಿಸಲೆಂದೇ ಅವಳು ಅಭ್ಯಾಸದ ಕ್ಲಸ್ಟರಿನಲ್ಲಿ ಒಂದು ಪುಟ್ಟ ಟಾಸ್ಕ್ ಹಚ್ಚಿದಳು. ನಿಮಿಷಕ್ಕೊಮ್ಮೆ ಗಂಟೆ ಎಷ್ಟೆಂದು ಬರೆಯುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಹಚ್ಚುವಾಗ ಹಚ್ಚಿದವರ ಹೆಸರು ಸೇರಿಸಬಹುದು, ಆಮೇಲೆ ಆ ಹೆಸರಿನ ಟಾಸ್ಕುಗಳ ಪಟ್ಟಿ ಮಾತ್ರ ಕೊಡೆಂದು ಕೇಳಬಹುದು. ಅವಳು ತನ್ನ ಹೆಸರು ಹಾಕಿದಳು.

ಮಧ್ಯಾಹ್ನ ಇಬ್ಬರ ಡಬ್ಬಿಗಳೂ ಒಂದೇ ಮೇಜಿನ ಮೇಲೆ ತೆರೆಯುತ್ತಿದ್ದವು. ಅವಳ ಅಮ್ಮಿ ಮಾಡಿದ ಖಿಚಡಿ ನನ್ನ ಪಾಲು, ನಮ್ಮವ್ವನ ಜೋಳದ ರೊಟ್ಟಿ ಅವಳ ಪಾಲು. ಎರಡು ವರ್ಷ ಹೀಗೇ ನಡೆಯಿತು.

ಆಮೇಲೆ ಅಮ್ಮಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಅವಳ ಅಕ್ಕನನ್ನು ಹಿರೇಕೆರೂರಿಗೆ ಕೊಟ್ಟಿದ್ದರು. ಅಮ್ಮಿಯನ್ನು ಅಲ್ಲಿಗೇ ಕರೆದೊಯ್ದರು, ಜೊತೆಗೆ ಇವಳೂ ಹೋದಳು. ಅಲ್ಲಿಂದಲೇ ಕೆಲಸ ಮಾಡು ಎಂದು ನಾನು ಅಂಗಲಾಚಿದೆ.

"ಅಮ್ಮಿನ್ನ ಎತ್ತಿ ಕುಂದ್ರಸು ಹೊತ್ತಿನ್ಯಾಗ ಅಲ್ಲಿ ಒಂದ ಟಾಸ್ಕ್ ನಿಂತ್ರ, ಯಾರನ್ನ ಕೈ ಬಿಡ್ಲಿ ಹೇಳು?" ಅಂದಳು. ನಾನು "ಒಂದೆರಡ ವಾರದಾಗ ಬರ್ತೇನಿ, ಅಮ್ಮಿನ್ನ ನೋಡಾಕ" ಎಂದಷ್ಟೇ ಹೇಳಿದೆ.

ಹೋಗಲಿಲ್ಲ. ಮೊದಮೊದಲು ಇಬ್ಬರ ಕೆಲಸ ಒಬ್ಬಳ ಮೇಲೆ ಬಿದ್ದಿದೆ ಎಂಬ ನೆಪ. ತಿಂಗಳು ಕಳೆದ ಮೇಲೆ ಇಷ್ಟು ದಿನ ಹೋಗದೆ ಈಗ ಹೇಗೆ ಹೋಗುವುದೆಂಬ ಸಂಕೋಚ. ಕಡೆಕಡೆಗೆ ಫೋನೂ ನಿಂತಿತು. ಆದರೆ ಮುಂಜಾನೆ ಕೋಣೆಯ ಬಾಗಿಲು ತೆಗೆದು, ಕಂಪನಿಯ ಪಟ್ಟಿ ನೋಡುವ ಮೊದಲು, ಅವಳ ಹೆಸರು ಹಾಕಿ ಅಭ್ಯಾಸದ ಕ್ಲಸ್ಟರನ್ನು ಕೇಳುತ್ತಿದ್ದೆ. ಒಂದೇ ಸಾಲು ಬರುತ್ತಿತ್ತು. ಅದನ್ನು ನೋಡಿದರೆ ಎದೆಗೊಂದು ಸಮಾಧಾನ, ಹಿಂದೆಯೇ ಅದಕ್ಕಿಂತ ದೊಡ್ಡ ನೋವು. ಎದುರಿನ ಅವಳ ಕುರ್ಚಿಯ ಮೇಲೆ ನಾನು ಏನನ್ನೂ ಇಡುತ್ತಿರಲಿಲ್ಲ.

ಒಂದು ದಿನ ಕಂಪನಿಯ ಸಾಹೇಬರ ಫೋನು ಬಂತು. "ಅಭ್ಯಾಸದ ಕ್ಲಸ್ಟರ್ ತೆಗೆದುಹಾಕ್ತಾ ಇದೀವಿ. ಅಲ್ಲೊಂದು ಟಾಸ್ಕ್ ಎರಡೂವರೆ ವರ್ಷದಿಂದ ಓಡ್ತಾ ಇದೆಯಲ್ಲಮ್ಮ, ಅದು ಬೇಕಾ?"

ಬೇಕು ಎನ್ನಲು ಕಾರಣ ಇರಲಿಲ್ಲ. "ಇವತ್ತ ನಿಲ್ಲಸ್ತೇನ್ರಿ ಸರ್" ಎಂದೆ. ಆದರೆ ಅವಳನ್ನು ಕೇಳದೆ ನಿಲ್ಲಿಸಲು ಕೈ ಬರಲಿಲ್ಲ. ಅವಳಿಗೆ ಫೋನ್ ಹಚ್ಚಿದೆ.

"ಅಯ್ಯ! ಇನ್ನೂ ನಡದೈತೇನು ಅದು? ಮರತ ಬಿಟ್ಟಿದ್ದೆ ನಾ" ಎಂದು ನಕ್ಕಳು. "ದಿನಾ ಮುಂಜಾನೆ ನಿನ್ನ ಹೆಸರ ಹಾಕಿ ಅದನ್ನ ನೋಡ್ತೇನಿ" ಎಂದೆ. "ನಿಲ್ಲಿಸಿಬಿಡು ಅದನ್ನ. ದಿನಾ ಅದನ್ನ ನೋಡೂ ಬದ್ಲಿ ಒಂದ್ಸಲ ನನ್ನ ಬಂದು ನೋಡಬಾರದೇನು? ಅಮ್ಮಿ ಎರಡ ಸಲ ಕೇಳ್ಯಾಳ ನಿನ್ನ" ಅಂದಳು.

ನಿಲ್ಲಿಸಿದೆ. ನಿಂತ ಟಾಸ್ಕು ಒಂದು ತಾಸಿನವರೆಗೆ ನಿಂತವುಗಳ ಪಟ್ಟಿಯಲ್ಲಿ ಸಿಗುತ್ತದೆ, ಆಮೇಲೆ ಅಲ್ಲಿಯೂ ಇರುವುದಿಲ್ಲ. ಆ ತಾಸಿನಲ್ಲಿ ಎಷ್ಟು ಸಲ ಕೇಳಿದೆನೋ.

ಬಂದ ಭಾನುವಾರವೇ ಹಾನಗಲ್ಲಿಗೆ ಹೋಗಿ, ಬಸ್ಸು ಬದಲಿಸಿ ಹಿರೇಕೆರೂರಿಗೆ ಹೋದೆ. ಅವಳು ಸ್ಟ್ಯಾಂಡಿಗೇ ಬಂದು ನಿಂತಿದ್ದಳು. ಬಹಳ ಸೊರಗಿದ್ದಳು. ಮನೆಯಲ್ಲಿ ಅಮ್ಮಿ ಗೋಡೆಗೆ ಒರಗಿ ಕೂತಿದ್ದರು. ಮಾತು ತೊದಲುತ್ತಿತ್ತು. ಬಲಗೈಯಿಂದ ನನ್ನ ಮುಖ ಸವರಿ, "ಬೇಟಿ, ತಡಾ ಮಾಡಿದಿ" ಅಂದರು. ನಾನು ಆ ಕೈ ಹಿಡಿದುಕೊಂಡು ಅತ್ತೆ.

ಊಟವಾದ ಮೇಲೆ ಅವಳು ಈಗ ಓಣಿಯ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಕಂಪ್ಯೂಟರ್ ಹೇಳಿಕೊಡುತ್ತಿರುವುದಾಗಿ ಹೇಳಿದಳು.

"ಹಂಗಾದ್ರ ಶಿಗ್ಗಾವಿಗೆ ಬರೂದಿಲ್ಲೇನು?"

"ಇಲ್ಲ" ಎಂದಳು. ನನ್ನ ಮುಖ ನೋಡದೆ, ಅಮ್ಮಿಯ ಕಾಲಿಗೆ ಎಣ್ಣೆ ತಿಕ್ಕುತ್ತ.

ಸಂಜೆ ಹಾನಗಲ್ಲಿನಲ್ಲಿ ಶಿಗ್ಗಾವಿಯ ಬಸ್ಸಿಗೆ ಕಾಯುತ್ತಿದ್ದಾಗ ಅವಳ ಫೋನು ಬಂತು.

"ಊರ ಮುಟ್ಟಿದೇನು?"

"ಇನ್ನೂ ಹಾನಗಲ್ದಾಗ ಅದೇನಿ."

"ಮುಟ್ಟಿದ ಮ್ಯಾಲ ಹೇಳು" ಅಂದಳು. ಇಬ್ಬರೂ ಫೋನು ಇಡಲಿಲ್ಲ.