ಹಳೆಯದನ್ನು ಮೊದಲು ಹಾಕಬೇಕು

ಕನ್ನಡಕದ ಅಂಗಡಿಯ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿದರೆ ಮಹಡಿಯಲ್ಲಿ ಎರಡು ಕೋಣೆ. ಮುಂದಿನದರಲ್ಲಿ ಒಂದು ಮೇಜು, ಒಂದು ಕಂಪ್ಯೂಟರ್, ಗೋಡೆಗೆ ಒತ್ತಿಕೊಂಡಂತೆ ನಾಲ್ಕು ಕುರ್ಚಿ. ಹಿಂದಿನದರಲ್ಲಿ ಹೊರಗಿನ ಸದ್ದು ತೂರಿಬಾರದಂತೆ ಒಳಗೆಲ್ಲ ದಪ್ಪ ಸ್ಪಂಜು ಹೊಡೆದ, ಒಬ್ಬರು ಕೂರುವಷ್ಟೇ ಜಾಗವಿರುವ ಗೂಡು. ಅದಕ್ಕೊಂದು ಗಾಜಿನ ಕಿಟಕಿ. ಇಲ್ಲಿ ಕಿವಿ ಪರೀಕ್ಷೆ ಮಾಡಿ, ಕೇಳಿಸದವರಿಗೆ ಶ್ರವಣಯಂತ್ರ ಕೂರಿಸಿಕೊಡುವ ಹೆಂಗಸನ್ನು ಬಂದವರೆಲ್ಲ ಕಿವಿ ಮೇಡಂ ಎಂದು ಕರೆಯುತ್ತಿದ್ದರು. ಕೆಳಗಿನ ಅಂಗಡಿಯ ಯಜಮಾನರನ್ನು ಮಾತ್ರ ಯಾರೂ ಕಣ್ಣು ಸಾರ್ ಎಂದು ಕರೆಯುತ್ತಿರಲಿಲ್ಲ. ಅದು ಯಾವ ನ್ಯಾಯ ಎಂದು ಅವಳು ಆಗೀಗ ಕೇಳುವುದಿತ್ತು. ಮಹಡಿಯೂ ಯಜಮಾನರದ್ದೇ, ಅವರು ನಕ್ಕು ಸುಮ್ಮನಾಗುತ್ತಿದ್ದರು.

ಅವಳಿಗೆ ಐವತ್ತೊಂದು. ಆ ಕೋಣೆಗೆ ಬಂದು ಇಪ್ಪತ್ತಮೂರು ವರ್ಷ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಂದ ದಾರಿಯಲ್ಲೇ ಹಿಂದಿರುಗಿತ್ತು. ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಮ್ಮ. ಅಮ್ಮನಿಗೆ ಕೊನೆಯ ಹದಿನೈದು ವರ್ಷ ಕಿವಿ ಹೆಚ್ಚುಕಡಿಮೆ ಹೋಗಿಯೇ ಬಿಟ್ಟಿತ್ತು. ಯಂತ್ರ ಹಾಕಿಕೊಟ್ಟರೆ ತಲೆಯೊಳಗೆ ಜೇನು ಸೇರಿಕೊಂಡಂತಾಗುತ್ತದೆ ಎಂದು ತೆಗೆದಿಟ್ಟುಬಿಡುವಳು. ಹಾಗಾಗಿ ಆ ಮನೆಯಲ್ಲಿ ಎಲ್ಲ ಮಾತೂ ಕೂಗಿಯೇ ಆಗಬೇಕು. ‘ನೀರು ಕಾದಿದೆ’ ಎನ್ನುವುದು ಬೀದಿಯ ತಿರುವಿನವರೆಗೂ ಗೊತ್ತಾಗುತ್ತಿತ್ತು.

ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು. ಬಾಗಿಲ ಬೀಗ ತೆಗೆದ ಕೂಡಲೇ ‘ಬಂದೇ’ ಎಂದು ಕೂಗುವ ಅಭ್ಯಾಸ ಬಿಡಲು ಅವಳಿಗೆ ಒಂದು ವರ್ಷ ಹಿಡಿಯಿತು. ಬಿಟ್ಟ ಮೇಲೆ ಮನೆ ಇನ್ನಷ್ಟು ದೊಡ್ಡದಾದಂತೆ ಕಂಡಿತು.

ಅವಳಿಗೊಬ್ಬ ಅಣ್ಣ. ಎರಡು ಗಂಟೆ ಬಸ್ಸಿನ ದಾರಿಯ ಇನ್ನೊಂದು ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಅಮ್ಮ ಇದ್ದಾಗ ತಿಂಗಳಿಗೊಮ್ಮೆ ಬರುತ್ತಿದ್ದ. ಬಂದು ಅಮ್ಮನ ಎದುರಿನ ಕುರ್ಚಿಯಲ್ಲಿ ಕೂತು, ಒಂದೆರಡು ಮಾತು ಗೊಣಗಿ, ಪೇಪರ್ ಬಿಡಿಸಿಕೊಂಡು, ಸಂಜೆಯ ಬಸ್ಸಿಗೆ ಎದ್ದುಬಿಡುತ್ತಿದ್ದ. ಅಮ್ಮ ತೀರಿಕೊಂಡ ಮೂರನೆಯ ದಿನ, ಬಂದವರೆಲ್ಲ ಇನ್ನೂ ಮನೆಯಲ್ಲಿರುವಾಗಲೇ, ಇವಳ ಬಾಯಿಂದ ಬಂದುಬಿಟ್ಟಿತು: “ಅಮ್ಮನ ಹತ್ರ ಕೂತು ನಾಲ್ಕು ಮಾತು ಜೋರಾಗಿ ಆಡೋಕೆ ನಿಂಗೆ ಬಾಯಿ ನೋಯ್ತಿತ್ತಾ?” ಅವನು ಚೀಲ ತೆಗೆದುಕೊಂಡು ಹೊರಟ. ಅಲ್ಲಿಂದೀಚೆಗೆ ಇಬ್ಬರಿಗೂ ಮಾತಿಲ್ಲ.

ಹೀಗಿರುವಾಗ ಅಂಗಡಿಯ ಹಳೆಯ ಕಂಪ್ಯೂಟರ್ ಕೆಟ್ಟು ನಿಂತಿತು.

ಶ್ರವಣಯಂತ್ರವನ್ನು ಕಿವಿಗೆ ಸಿಕ್ಕಿಸಿಬಿಟ್ಟರೆ ಮುಗಿಯುವುದಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ದನಿ ಕೇಳಿಸುವುದಿಲ್ಲ; ಯಾವುದು ಎಷ್ಟು ಕೇಳಿಸದೋ ಅದನ್ನಷ್ಟೇ ಏರಿಸಬೇಕು. ಯಂತ್ರಕ್ಕೆ ತಂತಿ ಜೋಡಿಸಿ ಕಂಪ್ಯೂಟರಿನ ಮೂಲಕ ಇದನ್ನು ಹೊಂದಿಸುತ್ತಾರೆ. ಹಳೆಯ ಯಂತ್ರಗಳನ್ನು ಹೊಂದಿಸುವ ಸಾಫ್ಟ್‌ವೇರ್ ಹಳೆಯ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ ಓಡುತ್ತದೆ, ಆಮೇಲೆ ಬಂದವು ನಡುವಿನ ಕಾಲದ್ದರಲ್ಲಿ, ಈಗಿನವು ಈಗಿನದರಲ್ಲಿ. ಯಜಮಾನರು ಯಾರೋ ಬಳಸಿ ಬಿಟ್ಟ, ಆದರೂ ಗಟ್ಟಿಮುಟ್ಟಾದ ಕಂಪ್ಯೂಟರ್ ತಂದುಕೊಟ್ಟರು. ಅದರಲ್ಲಿ ಹೊಸ ಸಿಸ್ಟಮ್ ಇತ್ತು. ಅವಳು ಇಷ್ಟು ವರ್ಷ ಸೇರಿಸಿಟ್ಟಿದ್ದ ಕಿವಿಪರೀಕ್ಷೆಯ ನಕ್ಷೆಗಳನ್ನೆಲ್ಲ ಕೆಟ್ಟದ್ದರ ಡಿಸ್ಕಿನಿಂದ ಅದಕ್ಕೆ ಹಾಕಿಸಿಕೊಂಡು, ಕೆಟ್ಟದ್ದನ್ನು ಗುಜರಿಗೆ ಕೊಟ್ಟಳು. ಹಳೆಯ ಸಾಫ್ಟ್‌ವೇರ್ ಮಾತ್ರ ಅದರಲ್ಲಿ ಏನು ಮಾಡಿದರೂ ಏಳಲಿಲ್ಲ.

ಯಂತ್ರ ಮಾರುವ ಕಂಪನಿಗೆ ಫೋನ್ ಮಾಡಿದರೆ, “ಹಳೇದೆಲ್ಲ ಬಿಸಾಕ್ಸಿ ಮೇಡಂ, ಹೊಸದು ಕೊಡಿ” ಎಂದರು.

ಹಳೆಯ ಯಂತ್ರದವರು ಹನ್ನೊಂದು ಜನ ಇದ್ದರು. ಅವರಲ್ಲೊಬ್ಬ ಗಡಿಯಾರ ರಿಪೇರಿಯ ತಾತ. ಅವಳು ಹೊಸ ಯಂತ್ರವೊಂದನ್ನು ಅವನ ಕಿವಿಗೆ ಹಾಕಿ ಎರಡು ದಿನ ಇಟ್ಟುಕೊಳ್ಳಲು ಹೇಳಿದಳು. ಮರುದಿನವೇ ವಾಪಸ್ ತಂದ.

“ಏನಮ್ಮಾ ಇದು, ನನ್ನ ಹೆಂಡ್ತಿ ಡಬ್ಬದೊಳಗಿಂದ ಬಯ್ದಂಗೆ ಕೇಳುತ್ತೆ.”

“ಬಯ್ಯೋದು ಕೇಳುತ್ತಲ್ಲ ತಾತ, ಅಷ್ಟು ಸಾಕು.”

“ಬಯ್ಯೋದು ಯಂತ್ರ ಇಲ್ದೇನೂ ಕೇಳುತ್ತೆ. ನಂಗೆ ನಂದೇ ಸರಿ ಮಾಡ್ಕೊಡು.”

ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಸಿಸ್ಟಮ್ ಇಡಬಹುದು, ಶುರುವಾಗುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ನಾಲ್ಕು ಹಾಳೆ ಪ್ರಿಂಟ್ ತೆಗೆದುಕೊಂಡು, ಒಂದು ಭಾನುವಾರ ಬೆಳಿಗ್ಗೆ ಮುಚ್ಚಿದ ಅಂಗಡಿಯ ಬೀಗ ತೆಗೆದು ಒಬ್ಬಳೇ ಕೂತಳು. ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬಿಡಿಸಿದಳು. ಅಲ್ಲಿ ಅತಿ ಹಳೆಯ ಸಿಸ್ಟಮ್ ಹಾಕಿದಳು. ಸಲೀಸಾಗಿ ಕೂತಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದಾಗ ಅದು ಏನನ್ನೂ ಕೇಳಲಿಲ್ಲ. ನೇರ ಹಳೆಯದಕ್ಕೇ ಹೋಯಿತು. ಹೊಸದು ಎಲ್ಲೂ ಇಲ್ಲ. ನಕ್ಷೆಗಳೂ ಇಲ್ಲ. ಮೂರು ಸಲ ಮಾಡಿ ನೋಡಿದಳು. ನಾಲ್ಕನೆಯ ಸಲ ಪರದೆ ಕಪ್ಪಾಗಿ ಹಾಗೆಯೇ ನಿಂತುಬಿಟ್ಟಿತು.

ಸಾವಿರಾರು ಜನರ ಕಿವಿ ಅದರೊಳಗಿತ್ತು. ಯಾರಿಗೆ ಫೋನ್ ಮಾಡಬೇಕು? ಮೊಬೈಲಿನಲ್ಲಿದ್ದ ಹೆಸರುಗಳನ್ನೆಲ್ಲ ಕೆಳಗಿನ ತನಕ ನೋಡಿದಳು. ಮುಕ್ಕಾಲು ಪಾಲು ಕಿವಿ ಕೇಳಿಸದವರದ್ದೇ. ಕೊನೆಗೆ ಅಣ್ಣನ ನಂಬರ್ ಒತ್ತಿದಳು. ಅವನು ಎತ್ತುವುದಿಲ್ಲ ಎಂದುಕೊಂಡಿದ್ದಳು. ಎತ್ತಿದ.

“ನಾನು” ಎಂದಳು.

“ಹೂಂ. ಗೊತ್ತಾಯ್ತು.”

“ಅಂಗಡಿ ಕಂಪ್ಯೂಟರ್ ಕೆಟ್ಟಿದೆ. ಪರದೆ ಪೂರ್ತಿ ಕಪ್ಪು.”

“ತಪ್ಪಾ? ಯಾರ ತಪ್ಪು?”

ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ನಾಲ್ಕು ವರ್ಷದ ಮೇಲೆ ತಾನಾಗಿ ಕರೆದರೆ ಇವನು ಮೊದಲ ಮಾತಿಗೇ ಹಳೆಯ ಲೆಕ್ಕ ತೆಗೆಯುತ್ತಾನಲ್ಲ ಎಂದು ಫೋನ್ ಇಟ್ಟುಬಿಡುವಷ್ಟು ಸಿಟ್ಟು ಬಂತು. ಆದರೆ ನಕ್ಷೆಗಳ ನೆನಪಾಗಿ ಹಲ್ಲು ಕಚ್ಚಿಕೊಂಡು ನಡೆದದ್ದನ್ನೆಲ್ಲ ಹೇಳಿದಳು.

“ಹೊಸದಿರುವಾಗ ಅದರ ಮೇಲೆ ಹಳೇದು ಹಾಕಿದ್ಯಾ?” ಎಂದ. “ಹಳೇದನ್ನ ಮೊದಲು ಹಾಕಬೇಕು. ತನ್ನ ನಂತರ ಇನ್ನೊಬ್ಬರು ಹುಟ್ಟಿದಾರೆ ಅಂತ ಹಳೇದಕ್ಕೆ ಗೊತ್ತೇ ಇರಲ್ಲ. ಇಡೀ ಮನೆ ತನ್ನದೇ ಅಂದ್ಕೊಂಡು ಬಾಗಿಲಿಗೆ ತನ್ನ ಬೀಗ ಹಾಕ್ಕೊಳುತ್ತೆ. ಹೊಸದಕ್ಕಾದ್ರೆ ಹಿಂದಿನವರ ಪರಿಚಯ ಇರುತ್ತೆ, ಅದು ಜಾಗ ಬಿಡುತ್ತೆ.”

“ನಕ್ಷೆ ಎಲ್ಲ ಹೋಯ್ತಾ ಅಣ್ಣ?”

ಅಣ್ಣ ಎಂದದ್ದು ಅವಳಿಗೂ ಆಮೇಲೆ ಅರಿವಾಯಿತು.

“ಎಲ್ಲೂ ಹೋಗಿಲ್ಲ. ಒಳಗೇ ಇರುತ್ತೆ, ದಾರಿ ಮುಚ್ಚಿದೆ ಅಷ್ಟೇ. ನೀನು ಓದಿ ಹೇಳಬೇಡ, ಪರದೆ ಫೋಟೋ ತೆಗೆದು ಕಳಿಸು.”

ಆ ಕೆಲಸ ಫೋನಿನ ಮೇಲೆಯೇ ಮೂರು ಭಾನುವಾರ ನಡೆಯಿತು. ಮೊದಲನೆಯದರಲ್ಲಿ, ಡಿಸ್ಕನ್ನು ಮುಟ್ಟದೆ ಪೆನ್ ಡ್ರೈವಿನಿಂದಲೇ ಏಳುವ ಒಂದು ಉಚಿತ ಸಿಸ್ಟಮ್ ಹಾಕಿಸಿ, ಅದರ ಮೂಲಕ ನಕ್ಷೆಗಳನ್ನೆಲ್ಲ ಹೊರಗೆ ತೆಗೆಸಿದ. ಒಂದೂ ಕಳೆದಿರಲಿಲ್ಲ. ಅವಳು ಮೇಜಿನ ಮೇಲೆ ತಲೆಯಿಟ್ಟು ಸ್ವಲ್ಪ ಹೊತ್ತು ಹಾಗೆಯೇ ಇದ್ದಳು. ಎರಡನೆಯ ಭಾನುವಾರ ಡಿಸ್ಕನ್ನು ಪೂರ್ತಿ ಅಳಿಸಿ ನಾಲ್ಕು ಭಾಗ ಮಾಡಿಸಿದ; ಮೂರು ಸಿಸ್ಟಮ್‌ಗಳಿಗೆ, ನಾಲ್ಕನೆಯದು ನಕ್ಷೆಗಳಿಗೆ.

“ಸಮಪಾಲು ಮಾಡ್ಲಾ?” ಎಂದು ಕೇಳಿದಳು.

“ಬೇಡ. ಹಳೇದಕ್ಕೆ ಸ್ವಲ್ಪ ಸಾಕು. ಹೊಸದಕ್ಕೆ ಎಷ್ಟು ಕೊಟ್ಟರೂ ಸಾಲಲ್ಲ.”

ಇಬ್ಬರಿಗೂ ಸಣ್ಣಗೆ ನಗು ಬಂತು. ಆದರೆ ಆಡುವ ಮಾತೆಲ್ಲ ಕಂಪ್ಯೂಟರಿನದ್ದೇ. ಒಂದು ಸಿಸ್ಟಮ್ ಕೂರಲು ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಪರದೆಯ ಮೇಲೆ ನೀಲಿ ಪಟ್ಟಿ ಇಷ್ಟಿಷ್ಟೇ ಮುಂದೆ ಸರಿಯುವಾಗ ಫೋನ್ ಮೇಜಿನ ಮೇಲೆ ಸ್ಪೀಕರಿನಲ್ಲಿರುತ್ತಿತ್ತು. ಅವನ ಮನೆಯ ಫ್ಯಾನಿನ ಸದ್ದು, ಯಾರೋ ಪಾತ್ರೆ ಇಟ್ಟ ಸದ್ದು, ಅತ್ತಿಗೆಯ ದನಿ ಈ ಕೋಣೆಗೆ ಬರುತ್ತಿತ್ತು. ಅವಳು ಅದನ್ನು ಕೇಳುತ್ತ ಕೂತಿರುತ್ತಿದ್ದಳು. ಅಮ್ಮನ ಮಾತು ಇಬ್ಬರೂ ಎತ್ತಲಿಲ್ಲ.

ಮೂರನೆಯ ಭಾನುವಾರ ಅವಳು “ಸಿಡಿ ಹಾಕಿದೆ” ಎಂದರೆ ಅವನು “ಟಿವಿ ಯಾಕೆ ಹಾಕಿದೆ?” ಎಂದ. ‘ಸರಿ’ ಎಂದರೆ ‘ಬರಿ’ ಎಂದುಕೊಂಡು, “ಏನು ಬರೀಬೇಕು?” ಎಂದ. ‘ಕಡೆ’ ಎಂದದ್ದು ಅವನಿಗೆ ‘ತಡೆ’ ಆಯಿತು. ಇಪ್ಪತ್ತಮೂರು ವರ್ಷದ ಅಭ್ಯಾಸ, ಅವಳ ಕೈ ತಾನಾಗಿ ಪ್ರಿಂಟ್ ಹಾಳೆಯ ಅಂಚಿನಲ್ಲಿ ಆ ಪದಗಳನ್ನು ಗುರುತು ಹಾಕಿಕೊಳ್ಳುತ್ತಿತ್ತು. ಕೊನೆಯ ಸಿಸ್ಟಮ್ ಕೂತು, ಕಂಪ್ಯೂಟರ್ ಶುರುವಾಗಿ, ಯಾವುದು ಬೇಕೆಂದು ಕೇಳುವ ಮೂರು ಸಾಲುಗಳು ಒಂದರ ಕೆಳಗೊಂದು ಪರದೆಯ ಮೇಲೆ ಮೂಡಿದವು. ಅದೇ ಹೊತ್ತಿಗೆ ಅವಳ ಕಣ್ಣು ಹಾಳೆಯ ಅಂಚಿಗೆ ಬಿತ್ತು. ‘ಸ’ ಎಲ್ಲೂ ನಿಂತಿರಲಿಲ್ಲ. ‘ಕ’ ಹೋಗಿ ‘ತ’ ಆಗಿತ್ತು. ಮೊದಲ ದಿನ ಅವನು ಕೇಳಿಸಿಕೊಂಡದ್ದು ಏನೆಂದು ಆಗ ತಿಳಿಯಿತು. ಕಪ್ಪು ಎಂದದ್ದು ಅವನಿಗೆ ತಪ್ಪು ಎಂದು ಕೇಳಿಸಿತ್ತು.

“ಅಣ್ಣ, ನಿಂಗೆ ಕಿವಿ ಸರಿಯಾಗಿ ಕೇಳಿಸ್ತಿಲ್ಲ.”

“ಫೋನ್ ಸರಿ ಇಲ್ಲ.”

“ಫೋನ್ ಅಲ್ಲ. ಇದು ನನ್ನ ಕೆಲಸ, ನಂಗೆ ಗೊತ್ತಾಗುತ್ತೆ.”

“ನಿನ್ನ ಕಂಪ್ಯೂಟರ್ ಆಯ್ತಲ್ಲ, ಇನ್ನೇನು?” ಎಂದು ಅವನು ಕರೆ ಕತ್ತರಿಸಿದ.

ಆಮೇಲೆ ಅವಳು ಎರಡು ಸಲ ಮಾಡಿದಳು. ಎತ್ತಲಿಲ್ಲ. ಗಡಿಯಾರದ ತಾತನ ಯಂತ್ರ ಹತ್ತು ನಿಮಿಷದಲ್ಲಿ ಸರಿಹೋಯಿತು. ಉಳಿದ ಹತ್ತು ಜನರದ್ದೂ ಒಂದೊಂದಾಗಿ ಆಯಿತು. ಎಲ್ಲರೂ ಹರಸಿ ಹೋದರು. ಭಾನುವಾರಗಳು ಮತ್ತೆ ಮೊದಲಿನಂತಾದವು. ಬಟ್ಟೆ ಒಗೆದು ಹರವಿದರೆ ಹನ್ನೊಂದು ಗಂಟೆ, ಅಲ್ಲಿಂದ ಮುಂದೆ ಇಡೀ ದಿನ ಹಾಗೇ ಬಿದ್ದಿರುತ್ತಿತ್ತು. ಕಂಪ್ಯೂಟರ್ ಇನ್ನೊಂದು ಸಲ ಕೆಟ್ಟರೆ ಎಂದು ಒಮ್ಮೆ ಮನಸ್ಸಿಗೆ ಬಂದು ಅವಳಿಗೇ ನಾಚಿಕೆಯಾಯಿತು.

ಒಂದೂವರೆ ತಿಂಗಳ ಮೇಲೆ, ಒಂದು ಬುಧವಾರ, ಅವಳು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಗೋಡೆಯ ಪಕ್ಕದ ಕೊನೆಯ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ತಲೆ ಪೂರ್ತಿ ನೆರೆತಿತ್ತು. ಮುಂದೆ ಇನ್ನಿಬ್ಬರಿದ್ದರು. ಅವಳು ಒಳಗೆ ಕರೆಯಲು ಹೋದರೆ, “ಸರದಿ ಬರಲಿ” ಎಂದು ಕೈಯಲ್ಲೇ ಸನ್ನೆ ಮಾಡಿದ.

ಸರದಿ ಬಂತು. ಗೂಡಿನಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿ, ಸದ್ದು ಕೇಳಿಸಿದಾಗ ಒತ್ತುವ ಗುಂಡಿಯನ್ನು ಕೈಗೆ ಕೊಟ್ಟು, ಬಾಗಿಲು ಮುಚ್ಚಿದಳು. ಗಾಜಿನ ಆಚೆ ಅವನು ಕಣ್ಣು ಮುಚ್ಚಿಕೊಂಡಿದ್ದ. ಗಡಸು ದನಿಗಳಿಗೆ ತಕ್ಷಣ ಒತ್ತುತ್ತಿದ್ದ. ದನಿ ತೆಳುವಾಗುತ್ತ ಹೋದಂತೆ ಅವಳು ಏರಿಸಿದಳು, ಇನ್ನೂ ಏರಿಸಿದಳು, ಹೆಬ್ಬೆರಳು ಕದಲಲಿಲ್ಲ. ಪರದೆಯ ಮೇಲೆ ಗೆರೆ ಬಲಕ್ಕೆ ಹೋಗುತ್ತ ಇಳಿಜಾರಿನಲ್ಲಿ ಬಿದ್ದಂತೆ ಕೆಳಗಿಳಿಯಿತು. ಆ ಗೆರೆ ಅವಳಿಗೆ ಗೊತ್ತಿತ್ತು. ಅಮ್ಮನ ನಕ್ಷೆಯೂ ಹೀಗೆಯೇ ಇತ್ತು.

ಬಾಗಿಲು ತೆಗೆದು ಅವನ ಎದುರು ಸ್ಟೂಲು ಎಳೆದುಕೊಂಡು ಕೂತಳು.

“ಯಾವಾಗಿಂದ?”

“ಏಳೆಂಟು ವರ್ಷ ಆಗಿರಬೇಕು.”

“ನಂಗೆ ಯಾಕೆ ಹೇಳ್ಲಿಲ್ಲ?”

ಅವನು ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತುತ್ತಿದ್ದ. “ಅಮ್ಮಂದೊಂದು ಸಾಕಾಗಿತ್ತು ನಿಂಗೆ. ಕೊನೆಕೊನೆಗೆ ಅಮ್ಮನ ದನಿ ತೀರಾ ಸಣ್ಣ ಆಗೋಯ್ತು ನೋಡು. ಅಮ್ಮ ಹೇಳೋದು ನಂಗೆ ಕೇಳಿಸ್ತಿರಲಿಲ್ಲ. ನಾನು ಹೇಳೋದು ಅಮ್ಮಂಗೆ ಕೇಳಿಸ್ತಿರಲಿಲ್ಲ. ಇಬ್ಬರೂ ಎದುರುಬದುರು ಕೂತು ತಲೆ ಆಡಿಸ್ತಿದ್ವಿ. ಎಷ್ಟು ಹೊತ್ತು ಅಂತ ಹಾಗೆ ಕೂರೋದು? ಅದಕ್ಕೆ ಪೇಪರ್ ಹಿಡ್ಕೋತಿದ್ದೆ.”

ಊರವರ ಕಿವಿಯೆಲ್ಲ ನೋಡಿದವಳಿಗೆ ತನ್ನ ಮನೆಯ ಕಿವಿಯೊಂದು ಕಂಡಿರಲಿಲ್ಲ. ಆ ಮನೆಯಲ್ಲಿ ಅವಳು ಆಡುತ್ತಿದ್ದದ್ದೆಲ್ಲ ಕೂಗಿಯೇ. ಅವಳ ಮಾತು ಅವನಿಗೆ ಯಾವಾಗಲೂ ಕೇಳಿಸುತ್ತಿತ್ತು.

“ಅವತ್ತು ನಾನು ಹಾಗೆ ಅನ್ನಬಾರದಿತ್ತು ಅಣ್ಣ.”

“ಅಂದಿದ್ದು ಆಯ್ತು ಬಿಡು” ಎಂದ. ಸ್ವಲ್ಪ ತಡೆದು, “ಅದೊಂದು ಮಾತ್ರ ಚೆನ್ನಾಗಿ ಕೇಳಿಸ್ತು” ಎಂದ. ನಗಲು ನೋಡಿದ. ಇಬ್ಬರಿಗೂ ಆಗಲಿಲ್ಲ.

ಯಂತ್ರವನ್ನು ಅವಳೇ ಆರಿಸಿದಳು. ಕಂಪ್ಯೂಟರ್ ಹಾಕಿದಾಗ ಮೂಡಿದ ಮೂರು ಸಾಲುಗಳನ್ನು ಅವನು ಬಗ್ಗಿ ನೋಡಿ, “ನೀಟಾಗಿ ಬಂದಿದೆ” ಎಂದ. ಅವಳು ಕೊನೆಯದನ್ನು ಒತ್ತಿದಳು. ಹೊಂದಿಸಿ ಮುಗಿಸಲು ಒಂದು ಗಂಟೆ ಹಿಡಿಯಿತು. ಎರಡೂ ಕಿವಿಗೆ ಸಿಕ್ಕಿಸಿದ ಮೇಲೆ ಅವನು ತನ್ನ ಅಂಗಿಯ ತೋಳನ್ನು ಉಜ್ಜಿ ಅದರ ಸದ್ದು ಕೇಳಿದ. ಕೆಳಗಿನ ಅಂಗಡಿಯ ಬಾಗಿಲ ಕೀಲು ಕಿರ್ರೆಂದದ್ದಕ್ಕೆ ತಿರುಗಿ ನೋಡಿದ.

“ಈಗ ಹೇಗಿದೆ? ಕೇಳಿಸ್ತಿದೆಯಾ?”

“ಕೂಗಬೇಡ ಚೋಟು, ನಿಧಾನಕ್ಕೆ ಹೇಳು.”

ಚಿಕ್ಕವಳಿದ್ದಾಗ ಅವಳು ಕುಳ್ಳಿ. ಅವನು ಇಟ್ಟ ಹೆಸರು ಅದು. ಕೇಳಿ ಎಷ್ಟು ವರ್ಷವಾಗಿತ್ತೋ. ಅವಳು ಮೇಜಿನ ಮೇಲಿದ್ದ ತಂತಿಗಳನ್ನು ಸುತ್ತುತ್ತ ನಿಂತಳು.

ಮನೆಗೆ ಬಂದು ಉಳಿದು ಹೋಗು ಎಂದದ್ದಕ್ಕೆ, ಬೆಳಿಗ್ಗೆ ಲ್ಯಾಬ್ ತೆಗೆಯಬೇಕು, ಪರೀಕ್ಷೆ ನಡೆಯುತ್ತಿದೆ ಎಂದ. ಮಧ್ಯಾಹ್ನ ಮತ್ತೆ ಯಾರೂ ಬರುವವರಿರಲಿಲ್ಲವಾದ್ದರಿಂದ ಅವಳು ಬಾಗಿಲು ಹಾಕಿ ಅವನ ಜೊತೆ ಬಸ್ ನಿಲ್ದಾಣದವರೆಗೆ ನಡೆದಳು. ದಾರಿಯಲ್ಲಿ ವಾಹನಗಳ ಗಲಾಟೆ ತಡೆಯಲಾರದೆ ಅವನು ಎರಡೂ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟು ಜೇಬಿಗೆ ಹಾಕಿಕೊಂಡ. ಮೊದಮೊದಲು ಹಾಗೆಯೇ, ದಿನಕ್ಕೆ ಎರಡು ಗಂಟೆ ಹಾಕಿಕೋ ಸಾಕು ಎಂದು ಅವಳು ಹೇಳಿದಳು. ಅವನು ತಲೆಯಾಡಿಸಿದ. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ. ಅವಳು ಎರಡನೆಯ ಸಲ ಹೇಳಲಿಲ್ಲ.

ಬಸ್ಸು ನಿಂತೇ ಇತ್ತು. ಕಿಟಕಿಯ ಪಕ್ಕ ಕೂತು ಅವನು ಕೈಯೆತ್ತಿದ. ಏನೋ ಅಂದ. ಎಂಜಿನ್ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಅವಳೂ ಕೈಯೆತ್ತಿ ತಲೆಯಾಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಯಿತು. ಕೆಲಸವಿಲ್ಲದ ಆ ಮಧ್ಯಾಹ್ನ ಎಲ್ಲಿಗೆ ಹೋಗಬೇಕೆಂದು ತೋಚದೆ ಅವಳು ಕಲ್ಲುಬೆಂಚಿನ ಮೇಲೆ ಕೂತಳು. ಆಮೇಲೆ ಅಣ್ಣನ ಊರಿಗೇ ಇನ್ನೆರಡು ಬಸ್ಸು ಬಂದು, ಜನರನ್ನು ಹತ್ತಿಸಿಕೊಂಡು ಹೋದವು; ಅವಳು ಕೂತೇ ಇದ್ದಳು.