ಒಗೆಯುವ ಕಲ್ಲಿನ ಅಡಿಯ ಸೂರ್ಯ ಚಂದ್ರ

ಕೋಣನಕುಂಟೆಯಲ್ಲಿ ಕೋಳಿ ಕೂಗಿ ಬೆಳಗಾಗುತ್ತಿದ್ದ ಕಾಲ ಅದು. ಈಗ ತಲೆ ಮೇಲೆ ಮೆಟ್ರೋ ಓಡುವ ಕನಕಪುರ ರಸ್ತೆಯಲ್ಲಿ ಆಗ ದಿನಕ್ಕೆ ಎರಡೋ ಮೂರೋ ಬಸ್ಸು. ಬಸ್ಸು ಎಬ್ಬಿಸಿದ ಧೂಳು ಹುಣಸೆ ಎಲೆ ಮೇಲೆ ಕೂತರೆ ಮಳೆ ಬಂದಾಗಲೇ ಇಳಿಯುತ್ತಿತ್ತು. ನನಗಾಗ ಹತ್ತು ವರ್ಷ. ನಾಲ್ಕನೇ ಕ್ಲಾಸು ಮುಗಿದು ಬೇಸಿಗೆ ರಜ ಬಂದಿತ್ತು. ಅದೇ ನನ್ನ ಕೊನೇ ಕ್ಲಾಸು ಅಂತ ನನಗೆ ಗೊತ್ತಿರಲಿಲ್ಲ, ಅಪ್ಪನಿಗೆ ಗೊತ್ತಿತ್ತು.

ಇಷ್ಟು ವರ್ಷ ಬಾಯಿ ಬಿಡದವಳು ಈಗ ಬರೆಯೋಕೆ ಕೂತಿದ್ದು ಯಾಕೆ ಅಂದರೆ, ಹೋದ ಭಾನುವಾರ ನಮ್ಮನೆ ಗೇಟಿನ ಮುಂದೆ ಇಪ್ಪತ್ತು ಮಕ್ಕಳು ಬಂದು ನಿಂತಿದ್ದರು. ಕರ್ಕೊಂಡು ಬಂದವಳು ನನ್ನ ಮೊಮ್ಮಗಳು ಸಿರಿ. ಆ ಸಂತೋಷ ಎದೆಯಿಂದ ಇನ್ನೂ ಇಳಿದಿಲ್ಲ. ಪಾತ್ರೆ ತೊಳೆಯುವಾಗಲೂ ಕಣ್ಣು ತುಂಬ್ಕೊಳ್ಳುತ್ತೆ. ಆದರೆ ಅದನ್ನು ಹೇಳೋಕೆ ಮುಂಚೆ ಆ ಬೇಸಿಗೆಯನ್ನು ಹೇಳಬೇಕು.

ನಮ್ಮ ಹಿತ್ತಲಲ್ಲಿ ಬಾವಿ, ಬಾವಿ ಪಕ್ಕ ಒಗೆಯೋ ಕಲ್ಲು. ಒಂದಾಳುದ್ದದ ಚಪ್ಪಡಿ. ಅದರ ಒಂದು ತುದಿ ಎರಡು ಗುಂಡುಕಲ್ಲಿನ ಮೇಲೆ ಎತ್ತರಕ್ಕೆ ಕೂತಿತ್ತು, ಇನ್ನೊಂದು ತುದಿ ಬಚ್ಚಲ ನೀರಿನ ಕೆಸರಲ್ಲಿ ಹೂತುಹೋಗಿತ್ತು. ಎತ್ತರದ ತುದಿಯ ಕೆಳಗೆ ಒಂದು ಸಂದು. ನಮ್ಮ ಕೆಂಚಿ ಕೋಳಿಗೆ ಮಂಕರಿ ಸೇರುತ್ತಿರಲಿಲ್ಲ, ಆ ಸಂದಿನೊಳಗೇ ಹೋಗಿ ಮೊಟ್ಟೆ ಇಡುತ್ತಿತ್ತು. ಅಲ್ಲಿಗೆ ತೂರುವಷ್ಟು ಸಣ್ಣ ಕೈ ಮನೆಯಲ್ಲಿ ನನ್ನದೊಂದೇ. ನೆಲಕ್ಕೆ ಕೆನ್ನೆ ಒತ್ತಿ, ತೋಳಿನವರೆಗೂ ಕೈ ಹಾಕುತ್ತಿದ್ದೆ. ಸೀಗೇಕಾಯಿ, ಹಸಿ ಮಣ್ಣು, ಕೋಳಿ ಹಿಕ್ಕೆ, ಎಲ್ಲ ಸೇರಿದ ವಾಸನೆ ಮೂಗಿಗೆ ಅಡರುತ್ತಿತ್ತು.

ಕಲ್ಲಿನ ಮೇಲ್ಗಡೆ ಬಟ್ಟೆ ಬಡಿದೂ ಬಡಿದೂ ಹಪ್ಪಳದ ಹಾಗೆ ನುಣ್ಣಗಾಗಿತ್ತು. ಅಡಿಯಲ್ಲಿ ಹಾಗಿಲ್ಲ, ಬೆರಳಿಗೆ ಉಬ್ಬು ತಗ್ಗು ಸಿಕ್ಕುತ್ತಿತ್ತು. ಒಂದು ಕಡೆ ದುಂಡಗೆ ಒಂದು, ಪಕ್ಕದಲ್ಲೇ ಅದರ ಅರ್ಧ ಇನ್ನೊಂದು. ನಾನು ಅವಕ್ಕೆ ರೊಟ್ಟಿ, ಕಚ್ಚಿದ ರೊಟ್ಟಿ ಅಂತ ಹೆಸರಿಟ್ಟಿದ್ದೆ. ಅದಕ್ಕಿಂತ ಕೆಳಗೆ ಕಾಲು ಮಡಿಸಿ ಕೂತ ಒಬ್ಬ ಆಸಾಮಿ. ಅವನ ಎಡಕ್ಕೂ ಬಲಕ್ಕೂ ಕೈ ಎತ್ತಿ ನಿಂತ ಇಬ್ಬರು ಹೆಂಗಸರು, ಅವರ ಜಡೆಯ ಗಂಟು ಕೂಡ ಬೆರಳಿಗೆ ಗೊತ್ತಾಗುತ್ತಿತ್ತು. ಕಣ್ಣಿಂದ ನೋಡಿದ್ದು ಒಂದು ದಿನವೂ ಇಲ್ಲ. ಎಲ್ಲಾ ಮನೆಯ ಒಗೆಯೋ ಕಲ್ಲಿನ ಕೆಳಗೂ ಹಿಂಗೇ ಯಾರೋ ಕೂತಿರ್ತಾರೆ ಅಂದ್ಕೊಂಡಿದ್ದೆ.

ಆ ರಜದಲ್ಲಿ ನಮ್ಮ ಮೇಷ್ಟ್ರು ಮಕ್ಕಳನ್ನು ಎರಡು ದಿನದ ಪ್ರವಾಸಕ್ಕೆ ಹೊರಡಿಸಿದರು. ಬಸ್ಸೂ ಇಲ್ಲ ರೈಲೂ ಇಲ್ಲ, ನಡಿಗೆ. ವಸಂತಪುರದ ಗುಡ್ಡ ಹತ್ತೋದು, ಅಲ್ಲಿಂದ ತುರಹಳ್ಳಿ ಬಂಡೆ, ದಾರಿಯಲ್ಲಿ ಸಿಕ್ಕ ಹಳೇ ಗುಡಿ, ಹಳೇ ಕಲ್ಲು ಎಲ್ಲಾ ನೋಡೋದು. ಪಾತ್ರೆ, ರಾಗಿ ಹಿಟ್ಟು ಹೊರೋಕೆ ಒಂದು ಗಾಡಿ ಬೇಕು ಅಂತ ಅಪ್ಪನನ್ನು ಕೇಳೋಕೆ ಬಂದರು.

"ಗಾಡಿ ತಗೊಂಡೋಗಿ ಸಾರ್, ಅದಕ್ಕೇನಂತೆ" ಅಂದ ಅಪ್ಪ. "ಆದ್ರೆ ಹೆಣ್ಮಗೂನ ಕಳ್ಸೋಕಾಗಲ್ಲ. ಬಂಡೆಗಿಂಡೆ ಹತ್ತಿ ಕೈಕಾಲು ಮುರ್ಕೊಂಡ್ರೆ ನಾಳೆ ಯಾರು ಮಾಡ್ಕೋತಾರೆ?"

ನಾನು ಬಾಗಿಲ ಹಿಂದೆ ಉಸಿರು ಹಿಡಿದು ನಿಂತಿದ್ದೆ. ರಾಗಿ ಕೇರುತ್ತಿದ್ದ ಅಜ್ಜಿ ಮೊರ ನಿಲ್ಲಿಸಲೇ ಇಲ್ಲ. "ಓಗ್ಲಿ ಬುಡಪ್ಪ. ಆ ಎಡಗಡೆ ಎತ್ತು ಇವಳು ಮುಂದೆ ಇಲ್ದಿದ್ರೆ ಎಜ್ಜೆ ಕಿತ್ತಿಡಲ್ಲ. ಮೇಷ್ಟ್ರೇ ನೊಗ ಎಳೀತಾರಾ?"

ಎತ್ತು ಯಾರು ಕರೆದರೂ ಬರುತ್ತಿತ್ತು. ಅದು ಅಪ್ಪನಿಗೂ ಗೊತ್ತು. ಆದರೂ ಮೇಷ್ಟ್ರು ನಕ್ಕಿದ್ದರಿಂದ ಅವನೂ ನಗಬೇಕಾಯಿತು. ಹಂಗೆ ನಾನು ಹೊರಟೆ, ಹನ್ನೊಂದು ಮಕ್ಕಳಲ್ಲಿ ಹೆಣ್ಣು ಅಂತ ನಾನು, ಪಕ್ಕದ ಮನೆ ರಾಜಿ, ಇಬ್ಬರೇ.

ಆ ಎರಡು ದಿನ ನನ್ನ ಮೈಯಲ್ಲಿ ಇವತ್ತಿಗೂ ಇದೆ. ಹೊಂಗೆ ನೆರಳಲ್ಲಿ ಕೂತು ತಿಂದ ಹುಳಿಯನ್ನ, ಕಲ್ಲಲ್ಲಿ ಜಜ್ಜಿ ಉಪ್ಪು ಖಾರ ಸವರಿದ ಮಾವಿನಕಾಯಿ. ತುರಹಳ್ಳಿ ಬಂಡೆ ಹತ್ತುವಾಗ ಮೇಷ್ಟ್ರು ತಮ್ಮ ಪಂಚೆ ತುದಿ ಬಂಡೆ ಮೇಲಿಂದ ಇಳಿಬಿಟ್ಟು "ಹಿಡ್ಕೊಳ್ರೋ, ಹರಿದ್ರೆ ನನ್ನ ಮಾನ ಹೋಗುತ್ತೆ, ಭದ್ರ!" ಅಂದಿದ್ದು. ಮೇಲೆ ನಿಂತರೆ ಕಣ್ಣಿಗೆ ಕಾಣುವಷ್ಟು ದೂರವೂ ಕೆರೆ, ಹೊಲ, ತೋಪು. ಬೆಂಗಳೂರು ಎಲ್ಲಿ ಸಾರ್ ಅಂದರೆ ದೂರದ ಹೊಗೆ ತೋರಿಸಿದರು.

ಎರಡನೇ ದಿನ ಬೆಳಿಗ್ಗೆ ಒಂದು ಕುಂಟೆಯ ಪಕ್ಕ, ಲಂಟಾನ ಪೊದೆಯೊಳಗೆ ನಿಂತ ಕಲ್ಲೊಂದು ಸಿಕ್ಕಿತು. ಮೇಷ್ಟ್ರು ಚೊಂಬಲ್ಲಿ ನೀರು ಎರಚಿ, ಗರಿಕೆ ಹುಲ್ಲಿನ ಹಿಡಿಯಿಂದ ಮೆಲ್ಲಗೆ ಉಜ್ಜಿದರು, ಮಗುವಿಗೆ ಎಣ್ಣೆ ಉಜ್ಜೋ ಹಾಗೆ. ಓರೆ ಬಿಸಿಲು ಬಿದ್ದದ್ದೇ ತಡ, ಕಲ್ಲಿನಿಂದ ಜನ ಎದ್ದು ಬಂದರು.

"ಇದು ವೀರಗಲ್ಲು. ಕೆಳಗಿಂದ ಮೇಲಕ್ಕೆ ನೋಡ್ಕೊಂಡು ಹೋಗ್ಬೇಕು ಕಣ್ರೋ" ಅಂದರು. "ಕೆಳಗಡೆ ಜಗಳ. ಊರ ದನ ಹೊಡ್ಕೊಂಡು ಹೋಗೋರ ಜೊತೆ ಬಡಿದಾಡಿ ಈ ಮನುಷ್ಯ ಸತ್ತ. ಮೇಲಿನ ಸಾಲಲ್ಲಿ ಸ್ವರ್ಗ, ಚಾಮರ ಬೀಸೋರ ನಡುವೆ ಕೂತವ್ನೆ. ತುತ್ತತುದೀಲಿ ಸೂರ್ಯ, ಚಂದ್ರ. ಅವೆರಡು ಇರೋವರೆಗೂ ಇವನ ಹೆಸರಿರ್ಲಿ ಅಂತ. ಬನ್ನಿ, ಮುಟ್ಟಿ ನೋಡಿ."

ನನ್ನ ಸರದಿ ಬಂದಾಗ ಬಿಸಿಲು ಕಣ್ಣಿಗೆ ಹೊಡೀತಿತ್ತು ಅಂತ ಕಣ್ಣು ಮುಚ್ಚಿ ಮುಟ್ಟಿದೆ. ರೊಟ್ಟಿ. ಪಕ್ಕದಲ್ಲಿ ಕಚ್ಚಿದ ರೊಟ್ಟಿ. ಇನ್ನೊಂದು ಸಲ ಮುಟ್ಟಿ ನೋಡಿದೆ. ಎಲ್ಲರೂ ಗಾಡಿ ಕಡೆ ಓಡಿದ ಮೇಲೆ ಮೇಷ್ಟ್ರ ಹತ್ತಿರ ಹೋಗಿ ಪಿಸುಗುಟ್ಟಿದೆ, "ಸಾರ್, ಇವ್ನು ನಮ್ಮನೇಲೂ ಅವ್ನೆ."

ಪೂರ್ತಿ ಕೇಳಿದವರು ನನ್ನ ಎದುರು ಕುಕ್ಕರಗಾಲಲ್ಲಿ ಕೂತರು. ಅಷ್ಟು ದೊಡ್ಡವರು ನನ್ನ ಸಮಕ್ಕೆ ಕೂತಿದ್ದು ಅದೇ ಮೊದಲು. "ಯಾರಿಗೂ ಹೇಳ್ಬೇಡಮ್ಮ. ಬಾವಿಕಟ್ಟೇಲಿ ಮಾತು ಬಿದ್ರೆ ಕಲ್ಲಿನ ಕೆಳಗೆ ನಿಧಿ ಇದೆ ಅಂತಾರೆ, ಒಡೆದು ಹಾಕ್ತಾರೆ. ಮ್ಯೂಸಿಯಂನೋರಿಗೆ ಕಾಗದ ಬರೀತೀನಿ. ಅವರು ಬರೋವರೆಗೂ ನಿನ್ನ ಹತ್ರ, ನನ್ನ ಹತ್ರ, ಅಷ್ಟೇ."

ಆಗಲಿ ಸಾರ್ ಅಂದೆ. ಆರು ದಿನ ಆ ಮಾತು ಉಳಿಸಿಕೊಂಡೆ.

ಏಳನೇ ದಿನ ರಾಜಿ ನಮ್ಮ ಬಾವಿಗೆ ನೀರಿಗೆ ಬಂದಳು. ಅವಳ ಸೋದರಮಾವ ಜಯನಗರದಲ್ಲಿ ಮನೆ ಕಟ್ಟಿಸಿದ್ದ. "ಅಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಕಣೇ. ನಿಮ್ಮನೇಲಿ ಏನೈತೆ? ಸಗಣಿ, ಕೋಳಿ ಹಿಕ್ಕೆ" ಅಂದಳು.

ನನಗೆ ರೇಗಿ ಹೋಯಿತು. "ನಮ್ಮ ಒಗೆಯೋ ಕಲ್ಲಿನ ಅಡೀಲಿ ರಾಜ ಕೂತವ್ನೆ! ಮೇಷ್ಟ್ರೇ ಹೇಳವ್ರೆ! ನಿಮ್ಮ ಮಾವನ ಮನೇಲಿ ಅವ್ನಾ?" ಅಂದುಬಿಟ್ಟೆ.

ದೇವರಾಣೆ ಯಾರಿಗೂ ಹೇಳಲ್ಲ ಅಂದಳು. ಮೂರು ದಿನಕ್ಕೆ ಅದು ರಾಜನ ಚಿನ್ನ ಆಗಿತ್ತು.

ಮರುವಾರ ಉತ್ತರಹಳ್ಳಿಯ ನೆಂಟರ ಮದುವೆಗೆ ಮನೆಯವರೆಲ್ಲ ಹೋಗಿದ್ದೆವು. ಸಾಯಂಕಾಲ ಬಂದು ನೋಡಿದರೆ ಹಿತ್ತಲಲ್ಲಿ ಆಳುದ್ದದ ಗುಂಡಿ. ಕೆಸರಲ್ಲಿ ಹೂತ ಅರ್ಧವನ್ನು ಎತ್ತೋಕಾಗದೆ ಬಿಟ್ಟಿದ್ದರು. ಎತ್ತರದಲ್ಲಿದ್ದ ಅರ್ಧ, ನನ್ನ ಬೆರಳಿಗೆ ಗೊತ್ತಿದ್ದ ಅರ್ಧ, ಸುತ್ತಿಗೆ ಏಟಿಗೆ ಜಲ್ಲಿ ಜಲ್ಲಿಯಾಗಿ ಬಿದ್ದಿತ್ತು. ಕಲ್ಲಿನ ಹೊಟ್ಟೆಯೊಳಗೂ ಚಿನ್ನ ಹುಡುಕಿದ್ದರು. ಅಜ್ಜಿ ಗುಂಡಿಯ ಅಂಚಲ್ಲಿ ಕೂತು, "ಆಳಾಗೋದೋರು, ಕೆಂಚಿ ಮೊಟ್ಟೆ ಮೇಲ್ಯಾಕ್ರೋ ಕಾಲಿಟ್ರಿ" ಅಂತ ಅತ್ತಳು.

ಮಾರನೇ ದಿನ ಮೇಷ್ಟ್ರು ಬಂದರು. ಬರ್ತೀವಿ ಅಂತ ಮ್ಯೂಸಿಯಂನೋರು ಬರೆದ ಕಾಗದ ಅವರ ಜೇಬಲ್ಲೇ ಇತ್ತು. ಮಧ್ಯಾಹ್ನದವರೆಗೂ ಬಿಸಿಲಲ್ಲಿ ಕೂತು ಚೂರುಗಳನ್ನು ಟವೆಲ್ ಮೇಲೆ ಜೋಡಿಸೋಕೆ ನೋಡಿದರು. ಯಾವುದಕ್ಕೆ ಯಾವುದೂ ಕೂಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ನೀನೇನಾದ್ರೂ ಯಾರಿಗಾದ್ರೂ ಹೇಳಿದ್ಯೇನಮ್ಮ?"

"ಇಲ್ಲ ಸಾರ್."

"ಹಂಗಾದ್ರೆ ನಾನೇ ಎಲ್ಲೋ ಬಾಯಿ ಬಿಟ್ಟಿರ್ಬೇಕು. ಅಂಚೆ ಹಾಕೋವಾಗ ಏನಾದ್ರೂ ಅಂದೆನೇನೋ." ಅಂದವರು ಸ್ಲೇಟು ಬಳಪ ಮುಂದಿಟ್ಟರು. "ಮೇಲಿನ ಅರ್ಧ ಮುಟ್ಟಿದೋಳು ಊರಲ್ಲೆಲ್ಲಾ ನೀನೊಬ್ಬಳೇ. ಹೆಂಗಿತ್ತು ಅಂತ ಬರೆದು ತೋರಿಸ್ತೀಯಾ? ಅಷ್ಟಾದ್ರೂ ಉಳೀಲಿ."

ಬಳಪ ಕೈಗೆ ತಗೊಂಡೆ. ರೊಟ್ಟಿಯಿಂದ ಶುರು ಮಾಡಿದರೆ ರಾಜಿವರೆಗೂ ಎಲ್ಲಾ ಹೊರಗೆ ಬಂದುಬಿಡುತ್ತೆ ಅನ್ನಿಸಿತು. "ನೆನಪಿಲ್ಲ ಸಾರ್" ಅಂದೆ.

ಕಲ್ಲು ಒಡೆದ ಸುದ್ದಿ ಕೇಳಿ ಮ್ಯೂಸಿಯಂನೋರು ಬರಲೇ ಇಲ್ಲ. ಮಳೆಗಾಲಕ್ಕೆ ಮುಂಚೆ ಮೇಷ್ಟ್ರಿಗೆ ವರ್ಗವಾಯಿತು. ತಪ್ಪು ತಮ್ಮದೇ ಅಂತ ಹೊತ್ತುಕೊಂಡೇ ಗಾಡಿ ಹತ್ತಿದರು. ನನ್ನ ಸ್ಕೂಲೂ ನಿಂತಿತು. ಚೂರುಗಳು ಯಾರದೋ ಮನೆಯ ಪಾಯಕ್ಕೆ ಹೋದವು. ಉಳಿದ ಅರ್ಧವನ್ನು ಅಪ್ಪ ಮಗುಚದೆ, ಬೋರಲಾಗೇ ಬಟ್ಟೆ ಒಗೆಯೋಕೆ ಇಟ್ಟ. ನನಗೆ ಅಣ್ಣ ತಮ್ಮ ಇರಲಿಲ್ಲ, ಮದುವೆಯಾದ ಮೇಲೂ ಅದೇ ಜಾಗದಲ್ಲೇ ಉಳಿದೆ. ಮಗ ಹೊಸ ಮನೆ ಕಟ್ಟಿಸಿದಾಗ ಆ ಕಲ್ಲು ಗೇಟಿನ ಪಕ್ಕ, ಇಟ್ಟಿಗೆಗಳ ಮೇಲೆ, ಕೂತುಕೊಳ್ಳೋ ಕಲ್ಲಾಯಿತು. ಮಗುಚಬೇಡಿ ಅಂತ ಅಷ್ಟೇ ಹೇಳಿದ್ದೆ. ಯಾಕೆ ಅಂತ ಯಾರೂ ಕೇಳಲಿಲ್ಲ.

ಈ ರಜದಲ್ಲಿ ಸಿರಿ ಐದು ದಿನ ಹಂಪಿಗೆ ಹೋಗಿದ್ದಳು. ಒಬ್ಬರು ಮೇಡಂ ಮಕ್ಕಳನ್ನು ಗುಂಪು ಕಟ್ಟಿ ಬಂಡೆ ಹತ್ತಿಸಿ, ತೆಪ್ಪದಲ್ಲಿ ಕೂರಿಸಿ, ಹಳೇ ಗುಡಿಗಳನ್ನೆಲ್ಲ ತೋರಿಸಿ ಕರ್ಕೊಂಡು ಬರ್ತಾರೆ. ಮಂಡಿ ತರಚಿಕೊಂಡು, ಕಪ್ಪಗೆ ಮಡಕೆ ಹಾಗಾಗಿ ಬಂದಳು. ಬಂದ ಎರಡನೇ ದಿನ ಅವಳ ಚೆಂಡು ಆ ಕಲ್ಲಿನ ಕೆಳಗೆ ಹೋಯಿತು. ನೆಲಕ್ಕೆ ಕೆನ್ನೆ ಒತ್ತಿ ಕೈ ಹಾಕಿದಳು. ನಾನು ಸೊಪ್ಪು ಬಿಡಿಸ್ತಾ ನೋಡ್ತಿದ್ದೆ. ಅವಳ ಮುಖ ಬದಲಾಗಿದ್ದು ನೋಡಿ ನನ್ನ ಕೈ ನಿಂತುಹೋಯಿತು.

"ಅಜ್ಜೀ, ಇದಕ್ಕೆ ಕಾಲಿದೆ! ಹಸು ಕಾಲು! ಪ್ರಾಮಿಸ್! ಅಲ್ಲಿ ವೀರಗಲ್ಲಲ್ಲಿ ತೋರಿಸಿದ್ರಲ್ಲ, ಸೇಮ್ ಹಂಗೇ!" ಆಮೇಲೆ ತಾನೇ ದನಿ ತಗ್ಗಿಸಿದಳು. "ನಮ್ಮ ಟ್ರಿಪ್ ಮೇಡಂಗೆ ಹೇಳ್ಲಾ? ಇಲ್ಲಾ ಇದು ಸೀಕ್ರೆಟ್ಟಾ?"

ಹತ್ತು ವರ್ಷದ ಮಗು. ಅದೇ ವಯಸ್ಸು, ಅದೇ ಪಿಸುಮಾತು.

"ಹೇಳು ಕಂದ" ಅಂದೆ. "ಮೇಡಂಗೂ ಹೇಳು, ಎಲ್ಲರಿಗೂ ಹೇಳು."

ಭಾನುವಾರ ಇಪ್ಪತ್ತು ಮಕ್ಕಳು, ಅವರ ಮೇಡಂ, ಹಾರೆ ಹಿಡಿದ ಇಬ್ಬರು ಆಳು. ಕಲ್ಲು ಮಗುಚಿ ತೊಳೆದರು. ಬಾಲ ಎತ್ತಿದ ಹಸುಗಳು, ಕತ್ತಿ ಬೀಸಿದವನ ತೊಡೆ, ಸೊಂಟ. ಅಲ್ಲಿಂದ ಮೇಲೆ ಮುರಿದ ಅಂಚು. ಮೇಡಂ ಚೆನ್ನಾಗಿ ಹೇಳಿದರು, ನಮ್ಮ ಮೇಷ್ಟ್ರ ಹಾಗೇ ಕೆಳಗಿಂದ ಶುರು ಮಾಡಿದರು. ಕೊನೆಗೆ, "ಪಾಪ, ಮೇಲಿನ ಭಾಗ ಇಲ್ಲ ಮಕ್ಕಳೇ. ಏನಿತ್ತೋ ಇನ್ನು ಗೊತ್ತಾಗಲ್ಲ" ಅಂದರು.

ನಾನು ಒಳಗೆ ಹೋಗಿ ರಂಗೋಲಿ ಡಬ್ಬ ತಂದೆ. "ಅಮ್ಮ, ಮಂಡಿ ನೋವು ಅಂತಿದ್ದೆ, ಕೂರಬೇಡ" ಅಂತ ಮಗ ಹಿಂದೆಯೇ ಬಂದ. ಕೂತೆ. ಮುರಿದ ಅಂಚಿನಿಂದ ಮುಂದಕ್ಕೆ, ಸಿಮೆಂಟು ನೆಲದ ಮೇಲೆ, ಕಣ್ಣು ಮುಚ್ಚಿ ಬೆರಳು ಬಿಟ್ಟೆ. ಮೊದಲು ಕೈ ಎತ್ತಿ ನಿಂತ ಇಬ್ಬರು, ಜಡೆಯ ಗಂಟು ಸಮೇತ. ನಡುವೆ ಕಾಲು ಮಡಿಸಿ ಕೂತವನು. ಅವನ ತಲೆ ಮೇಲೆ ಒಂದು ದುಂಡಗೆ, ಒಂದು ಅರ್ಧ. ಬೆರಳು ಒಂದು ಕಡೆಯೂ ತಡೆಯಲಿಲ್ಲ. ಕಣ್ಣು ಬಿಟ್ಟರೆ ಅವನು ಅಲ್ಲಿದ್ದ. ನಾನೂ ಅವನನ್ನು ಆವತ್ತೇ ಮೊದಲು ನೋಡಿದ್ದು.

ಒಬ್ಬ ಹುಡುಗ ಕೇಳಿದ, "ಅಜ್ಜಿ, ಯಾರು ಒಡೆದಿದ್ದು?"

"ಒಡೆದೋರು ಯಾರೋ. ಒಡೆಯೋ ಹಂಗೆ ಮಾಡಿದ್ದು ನಾನು" ಅಂದೆ. ಎಲ್ಲಾ ಹೇಳಿದೆ. ರಾಜಿ, ನಲ್ಲಿ ನೀರು, ಇಲ್ಲ ಸಾರ್, ನೆನಪಿಲ್ಲ ಸಾರ್. ನನ್ನ ಯಜಮಾನರಿಗೂ ಹೇಳದಿದ್ದನ್ನು ಕಂಡರಿಯದ ಮಕ್ಕಳ ಮುಂದೆ ಹೇಳಿದೆ.

"ನೀವು ಆಗ ಚಿಕ್ಕೋರಲ್ವಾ ಅಜ್ಜಿ, ಪರ್ವಾಗಿಲ್ಲ" ಅಂದ ಆ ಹುಡುಗ.

ಅವನ ತಲೆ ಸವರಿದೆ. ಪರವಾಗಿಲ್ಲ ಅನ್ನಬೇಕಾದವರು ಇನ್ನೊಬ್ಬರು ಇದ್ದರು. ಎಲ್ಲಿ ಹೋದರು, ಎಲ್ಲಿ ಮಣ್ಣಾದರು, ನನಗೆ ಗೊತ್ತಿಲ್ಲ. ಸಿರಿ ನನ್ನ ಪಕ್ಕ ಕೂತು, ಆ ಅರ್ಧ ದುಂಡನ್ನು ತೋರಿಸಿ ಕಿವಿಯಲ್ಲಿ ಕೇಳಿದಳು, "ಇದಕ್ಕೆ ನೀನು ಏನಂತಿದ್ದೆ?" ಕಚ್ಚಿದ ರೊಟ್ಟಿ ಅಂದೆ. ಅವಳು ನಕ್ಕಳು ನೋಡಿ, ಇಷ್ಟು ವರ್ಷದ ಭಾರ ಒಂದು ಮಗ್ಗುಲಿಗೆ ಸರಿದ ಹಾಗಾಯಿತು.

ಬಾವಿ ಇದ್ದ ಕಡೆ ಈಗ ಪಕ್ಕದ ಅಪಾರ್ಟ್‌ಮೆಂಟಿನ ಕಾರು ನಿಲ್ಲುತ್ತೆ. ಆ ಕುಂಟೆ, ಅದರ ದಡದ ಕಲ್ಲು ಎಲ್ಲಿದ್ದವು ಅಂತ ತೋರಿಸೋಕೂ ನನಗೆ ಗುರುತು ಸಿಕ್ಕಲ್ಲ. ತುರಹಳ್ಳಿ ಬಂಡೆ ಇದೆ, ಮೇಲಿಂದ ಕಾಣುತ್ತಿದ್ದ ಕೆರೆ, ಹೊಲ ಇಲ್ಲ. ಆ ಭಾನುವಾರದಿಂದ ದಿನಾ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ, ಅರ್ಧ ಕಲ್ಲಿನ ತಲೆಗೆ ಅವನ ಉಳಿದರ್ಧವನ್ನು ರಂಗೋಲಿಯಲ್ಲಿ ಬಿಡಿಸ್ತೀನಿ. ಸಿರಿ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಕಲೀತಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಗಾಡಿ ಚಕ್ರಕ್ಕೆ, ಚಪ್ಪಲಿಗೆ ಅಳಿಸಿ ಹೋಗುತ್ತೆ. ಸೂರ್ಯ ಚಂದ್ರ ಇರೋವರೆಗೂ ಇರಲಿ ಅಂತ ಯಾರೋ ಕೆತ್ತಿದ್ದು, ಈಗ ಮಧ್ಯಾಹ್ನದವರೆಗೆ ಇರುತ್ತೆ.